ಮರ ಹತ್ತುವ ಮೊದಲು ಬೆಲ್ಟು ಕಟ್ಟಲು ಕಲಿಯಿರಿ

(ಸಂಘದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳಿಗ್ಗೆಯಿಂದ ಡಾಕ್ಟರ್, ಇಂಜಿನಿಯರ್, ಗಲ್ಫ್ ಎಂದು ಕೇಳಿದ ನಿಮಗೆ ಈಗ ಒಬ್ಬ ತೆಂಗಿನ ಮರ ಹತ್ತುವ ಬಗ್ಗೆ ಮಾತನಾಡುತ್ತಾನೆಂದರೆ ನಗು ಬರಬಹುದು. ನಗಿ, ಬೇಸರವಿಲ್ಲ. ಆದರೆ ಮನೆಗೆ ಹೋಗಿ ನಿಮ್ಮ ತಾಯಿಯನ್ನು ಕೇಳಿ ನೋಡಿ. ಹಿತ್ತಲಿನ ಎರಡು ಮರದ ಕಾಯಿ ಕೀಳಿಸಲು ಜನ ಸಿಗದೆ ಎಷ್ಟು ದಿನ ಕಾದಿದ್ದಾರೆಂದು ಅವರು ಹೇಳುತ್ತಾರೆ. ಕೆಲಸವಿದೆ, ಸಂಪಾದನೆಯೂ ಇದೆ. ಅಪಾಯವೂ ಇದೆ. ನಾನು ಹೇಳಬೇಕಾಗಿರುವುದು ಅದರ ಬಗ್ಗೆಯೇ.

ನನ್ನ ಮಾಮ ಊರಿನಲ್ಲಿ ಹೆಸರುವಾಸಿ ಮರ ಹತ್ತುವವರಾಗಿದ್ದರು. ಕಾಲಿಗೆ ತಳೆ, ಸೊಂಟದಲ್ಲಿ ಕತ್ತಿ, ಅಷ್ಟೇ ಸಲಕರಣೆ. ಮೂವತ್ತು ವರ್ಷ ಏನೂ ಆಗಲಿಲ್ಲ. ಒಂದು ಆಟಿ ತಿಂಗಳ ಬೆಳಿಗ್ಗೆ ಮಳೆ ಬಿಟ್ಟಿತೆಂದು ಹತ್ತಿದರು. ತುದಿಯಲ್ಲಿ ಒಣಗಿದ ಮಡಲೊಂದನ್ನು ಹಿಡಿದರು, ಅದು ಕಳಚಿ ಬಂತು. ಓಡಿ ಹೋದ ನಾವು ಹುಡುಗರು ಅವರನ್ನು ಕೈಕಾಲು ಹಿಡಿದೆತ್ತಿ, ರಿಕ್ಷಾದಲ್ಲಿ ಕೂರಿಸಿ ಆಸ್ಪತ್ರೆಗೆ ಒಯ್ದೆವು. ಬೆನ್ನುಮೂಳೆಗೆ ಪೆಟ್ಟಾದವರನ್ನು ಹಾಗೆ ಎತ್ತಬಾರದೆಂದು ಯಾರಿಗೂ ತಿಳಿದಿರಲಿಲ್ಲ. ಮಾಮ ಮತ್ತೆ ಎದ್ದು ನಡೆಯಲಿಲ್ಲ. ಬಿದ್ದದ್ದರಿಂದಲೋ, ನಾವು ಎತ್ತಿದ್ದರಿಂದಲೋ? ಅವರು ಒಮ್ಮೆಯೂ ಕೇಳಲಿಲ್ಲ. ನಾನು ಇಂದಿಗೂ ಕೇಳಿಕೊಳ್ಳುತ್ತಿದ್ದೇನೆ.

ನಿಮ್ಮಲ್ಲಿ ಭೌತಶಾಸ್ತ್ರ ಓದಿದವರಿದ್ದೀರಿ, ಲೆಕ್ಕ ಹಾಕಿ. 60 ಅಡಿ ಎತ್ತರದಿಂದ ಬಿದ್ದವನು ಎರಡು ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 68 ಕಿಲೋಮೀಟರ್. ಅಷ್ಟರಲ್ಲಿ ಏನನ್ನಾದರೂ ಹಿಡಿದುಕೊಳ್ಳುತ್ತೇನೆ ಎಂಬುದು ಭ್ರಮೆ.

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಕೇರಳದಲ್ಲಿ 'ತೆಂಗಿನ ಮರದ ಸ್ನೇಹಿತರು' ಎಂಬ ತರಬೇತಿಯನ್ನು ಆರಂಭಿಸಿತು. ಆರು ದಿನಗಳ ಆ ತರಬೇತಿ ನಂತರ ನಮ್ಮ ರಾಜ್ಯಕ್ಕೂ ಬಂತು. ಅಲ್ಲಿ ಕಲಿಸುವುದು ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತರೊಬ್ಬರು ರೂಪಿಸಿದ ಸಾಧನದಲ್ಲಿ. ಎಡಗಾಲಿಗೊಂದು, ಬಲಗಾಲಿಗೊಂದು ಭಾಗ. ಪ್ರತಿಯೊಂದರ ಉಕ್ಕಿನ ಹಗ್ಗ ಕಾಂಡವನ್ನು ಸುತ್ತಿರುತ್ತದೆ. ಪಾದದ ಮೇಲೆ ಭಾರ ಬಿದ್ದಾಗ ಹಗ್ಗ ಬಿಗಿಯುತ್ತದೆ, ಕೈಹಿಡಿ ಹಿಡಿದು ಎತ್ತಿದಾಗ ಸಡಿಲವಾಗುತ್ತದೆ. ಒಂದಾದ ಮೇಲೊಂದು ಕಾಲೆತ್ತುತ್ತಾ ನಿಂತೇ ಮೇಲೇರಬಹುದು. ಅರ್ಧ ಗಂಟೆಯಲ್ಲಿ ಕಲಿಯಬಹುದು, ಅಪಾಯವಿರುವುದು ಅದರಲ್ಲೇ. ಬೇಗ ಕಲಿತವನಿಗೆ ಬೆಲ್ಟು ಬೇಡವೆನಿಸುತ್ತದೆ. ಸಾಧನ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ ಅಷ್ಟೇ. ಕಾಲು ಜಾರಿದರೆ ಹಿಡಿಯುವುದು ಬೇರೆಯೇ ಕಟ್ಟಿದ ಬೆಲ್ಟು ಮತ್ತು ಹಗ್ಗ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಈ ಸಾಧನಕ್ಕೆಂದೇ ಸುರಕ್ಷಾ ಜೋಡಣೆಯೊಂದನ್ನು ಮಾಡಿದ್ದು ಸುಮ್ಮನೆ ಅಲ್ಲ.

ಮೊದಲ ದಿನ ಮೂರಡಿ ಸಾಕು. ಹತ್ತಿ, ಇಳಿಯಿರಿ, ಮತ್ತೆ ಹತ್ತಿ. ಇಳಿಯುವುದೇ ಕಷ್ಟ, ಏಕೆಂದರೆ ಆಗ ಕಾಲು ಕಾಣುವುದಿಲ್ಲ, ಮೈಯೂ ದಣಿದಿರುತ್ತದೆ. ನೆಟ್ಟಗಿನ, ಒಣಗಿದ ಮರವನ್ನೇ ಆರಿಸಿಕೊಳ್ಳಿ. ಹೀಗೆಂದರೆ ಸತ್ತ ಮರವಲ್ಲ, ಪಾಚಿ ಮತ್ತು ನೀರಿಲ್ಲದ ಕಾಂಡ! ತುದಿ ತಲುಪಿದ ಮೇಲೆ ಕತ್ತಿ ತೆಗೆಯುವ ಮೊದಲು ಬೆಲ್ಟಿನ ಕೊಕ್ಕೆಯ ಬಾಯಿ ಮುಚ್ಚಿದೆಯೇ ಎಂದು ಕೈಯಿಂದಲೇ ಮುಟ್ಟಿ ನೋಡಿ. ಕತ್ತಿ ಬೀಸುವ ದಾರಿಯಲ್ಲಿ ನಿಮ್ಮದೇ ಹಗ್ಗ ಇರಬಾರದು. ಮಡಲು ಹಸಿರಾಗಿರಲಿ, ಒಣಗಿರಲಿ, ಅದನ್ನು ನಂಬಿ ಮೈಭಾರ ಹಾಕಬೇಡಿ. ಕಣಜದ ಗೂಡಿದೆಯೇ ಎಂದು ಕೆಳಗಿನಿಂದಲೇ ನೋಡಿಕೊಳ್ಳಿ. ಅಡಿಕೆ ತೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಜಿಗಿಯುವವರನ್ನು ನಾನೂ ಬೆರಗಾಗಿ ನೋಡಿದ್ದೇನೆ. ನೀವು ಕಲಿಯಬೇಡಿ.

ನಗರದ ಕಥೆ ಬೇರೆ. ಇಲ್ಲಿ ಮರದ ಪಕ್ಕದಲ್ಲೇ ವಿದ್ಯುತ್ ತಂತಿ. ಹಸಿ ಮಡಲು ತಂತಿಗೆ ತಾಗಿದರೂ ಸಾಕು. ಮೆಸ್ಕಾಂಗೆ ತಿಳಿಸಿ ಲೈನ್ ಆಫ್ ಮಾಡಿಸದೆ ಅಂಥ ಮರಕ್ಕೆ ಕೈಹಾಕಬೇಡಿ. ಮನೆಯವರು ಅವಸರ ಮಾಡಿದರೆ ಕೂಲಿ ಬಿಟ್ಟು ಬನ್ನಿ. ಹತ್ತುವುದೇ ಬೇಡವೆಂದು ದೋಟಿ ಹಿಡಿಯುವವರಿಗೂ ಒಂದು ಮಾತು. ಕಬ್ಬಿಣ, ಅಲ್ಯೂಮಿನಿಯಂ ಮಾತ್ರವಲ್ಲ, ಹಗುರವಾದ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ.

ಒಬ್ಬರೇ ಹೋಗಬೇಡಿ. ಕೆಳಗೆ ಒಬ್ಬ ಇರಲಿ, ಕಾಯಿ ಬೀಳುವ ಜಾಗದಿಂದ ದೂರ ನಿಂತು ಮಕ್ಕಳನ್ನು ತಡೆಯಲಿ. ಯಾರಾದರೂ ಬಿದ್ದರೆ ಎತ್ತಬೇಡಿ, ಕೂರಿಸಬೇಡಿ, ನೀರು ಕುಡಿಸಬೇಡಿ. ತಲೆ, ಕುತ್ತಿಗೆ ಅಲುಗಾಡದಂತೆ ಹಿಡಿದು 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಹಾಗೆಯೇ ಇರಿ. ಸುಮ್ಮನಿರುವುದು ಬಹಳ ಕಷ್ಟ, ನನಗೆ ಗೊತ್ತು.

ಹೊರಗೆ ಅಂಗಳದ ತೆಂಗಿನ ಮರಕ್ಕೆ ಸಾಧನ ಕಟ್ಟಿಟ್ಟಿದ್ದೇನೆ. ಚಹಾ ಕುಡಿದು ಬನ್ನಿ. ಮೊದಲು ಬೆಲ್ಟು ಕಟ್ಟಿ ತೋರಿಸಬೇಕು. ಇವತ್ತು ಮೂರಡಿಗಿಂತ ಮೇಲೆ ಯಾರನ್ನೂ ಬಿಡುವುದಿಲ್ಲ.