ಹಿತ್ತಲೇ ನಮ್ಮ ಪ್ರಯೋಗಶಾಲೆ

(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತು ನಮ್ಮ ಮನೆಯಲ್ಲಿ ಸುಳ್ಳಾದ ಬಗೆಯನ್ನು ಈ ಶುಭ ಸಂದರ್ಭದಲ್ಲಿ ತಮ್ಮ ಮುಂದೆ ಇಡಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಸಂಘದಿಂದ ಬೆಳೆಸಾಲ ಪಡೆದು ನಾಲ್ಕು ಎಕರೆ ಶೇಂಗಾ ಬಿತ್ತಿದೆವು. ಬಿತ್ತುವಾಗ ಗಡಿಬಿಡಿ ಬೇಡವೆಂದು ಎರಡು ತಿಂಗಳು ಮೊದಲೇ ಕಾಯಿ ಒಡೆದು, ಕಾಳನ್ನು ಚೀಲದಲ್ಲಿ ತುಂಬಿಟ್ಟಿದ್ದೆವು. ಮಳೆ ಆಯಿತು, ಹದವೂ ಸಿಕ್ಕಿತು. ಆದರೆ ಅರ್ಧಕ್ಕರ್ಧ ಬೀಜ ಹುಟ್ಟಲೇ ಇಲ್ಲ. ಮತ್ತೆ ಬಿತ್ತಲು ಬೀಜವೂ ಇಲ್ಲ, ರೊಕ್ಕವೂ ಇಲ್ಲ. ಆ ವರ್ಷ ನಮ್ಮ ಹೆಸರು ಸುಸ್ತಿದಾರರ ಪಟ್ಟಿ ಸೇರಿತು. ಮಳೆಗೆ ಬೈದೆವು, ಭೂಮಿಗೆ ಬೈದೆವು.

ಕಣ್ಣು ತೆರೆಸಿದವರು ಮನೆಯ ಹೆಣ್ಣುಮಕ್ಕಳು. "ನಾವು ಹೀರೇ ಬೀಜಾನೂ ಬಚ್ಚಲ ಹತ್ತಿರ ನಾಲ್ಕು ಊರಿ ನೋಡತೀವಿ. ನೀವು ನಾಲ್ಕು ಎಕರೆ ನೋಡದೇ ಹಾಕಿದ್ರಿ" ಅಂದರು. ಉತ್ತರ ಇರಲಿಲ್ಲ.

ಮರುವರ್ಷ ಹಿತ್ತಲಲ್ಲಿ ಎರಡು ಸಾಲು ಮಾಡಿದೆವು. ಒಂದರಲ್ಲಿ ಮೊದಲೇ ಒಡೆದಿಟ್ಟ 100 ಕಾಳು, ಇನ್ನೊಂದರಲ್ಲಿ ಅಂದೇ ಒಡೆದ 100 ಕಾಳು. ಅದೇ ಮಣ್ಣು, ಅದೇ ನೀರು. ಹೊಸದಾಗಿ ಒಡೆದದ್ದು ಸಾಲುಗಟ್ಟಿ ಎದ್ದಿತು. ಹಳೆಯದು ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಕಾಯಿಯ ಸಿಪ್ಪೆಯೇ ಕಾಳಿಗೆ ರಕ್ಷೆ. ಅದನ್ನು ತೆಗೆದಿಟ್ಟರೆ ಗಾಳಿಯ ತೇವ, ಹುಳು, ಪೆಟ್ಟು ಎಲ್ಲವೂ ಕಾಳಿಗೆ ತಾಗುತ್ತವೆ ಎಂಬುದು ಆಗ ತಿಳಿಯಿತು.

ಮೆಂಡೆಲ್ ಎಂಬ ಪಾದ್ರಿಗಳು ಬ್ರನೋ ಊರಿನ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಬಟಾಣಿ ಬೆಳೆಸಿ, ಎಣಿಸಿ, ಬರೆದಿಟ್ಟರು. ಅನುವಂಶೀಯ ಶಾಸ್ತ್ರ ಹುಟ್ಟಿದ್ದು ಅಲ್ಲಿಯೇ. ನಮಗೆ ಅಷ್ಟು ದೊಡ್ಡದು ಬೇಡ, ಎಣಿಸಿ ಬರೆದಿಡುವ ಅಭ್ಯಾಸವೊಂದು ಸಾಕು.

ನಾವು ಕಲಿತ ನಿಯಮಗಳು ಇಷ್ಟೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಬೀಜ, ಗೊಬ್ಬರ ಎರಡನ್ನೂ ಕೂಡಿ ಬದಲಿಸಿದರೆ ಗುಣ ಯಾವುದರದು ಅಂತ ಹೇಳುವವರಾರು? ಹೋಲಿಸಲು ಹಳೇ ಪದ್ಧತಿಯ ಒಂದು ಸಾಲು ಇರಲಿ. ಹಿತ್ತಲ ಮಣ್ಣು ಸಗಣಿ, ಮುಸುರೆ ತಿಂದು ಕೊಬ್ಬಿರುತ್ತದೆ. ಆದ್ದರಿಂದ ಅಲ್ಲಿ ಗೆದ್ದದ್ದನ್ನು ಹೊಲದ ಒಂದು ಮೂಲೆಯಲ್ಲಿ ಮತ್ತೊಮ್ಮೆ ನೋಡಿರಿ.

ಬೀಜವನ್ನಂತೂ ಪರೀಕ್ಷಿಸದೇ ಬಿತ್ತಬೇಡಿರಿ. ಒದ್ದೆ ಗೋಣಿತಾಟಿನಲ್ಲಿ 100 ಕಾಳು ಸುತ್ತಿಟ್ಟು, ತೇವ ಆರದಂತೆ ನೋಡಿಕೊಂಡು, 10ನೇ ದಿನ ಎಣಿಸಿರಿ. ಪ್ರಮಾಣಿತ ಶೇಂಗಾ ಬೀಜದಲ್ಲಿ ಶೇ. 70 ಆದರೂ ಮೊಳೆಯಬೇಕೆಂಬುದು ನಿಯಮ.

ಬಾಂಧವರೇ, ಸಂಘದ ಸಾಲದಲ್ಲಿ ನೆರೆಮನೆಯವರ ಠೇವಣಿಯೂ ಇದೆ. ಹಿತ್ತಲಲ್ಲಿ ಸೋತರೆ ಒಂದು ಹಿಡಿ ಬೀಜ ಹೋದೀತು. ಹೊಲದಲ್ಲಿ ಸೋತರೆ ಮನೆಯ ಮಾನದ ಜೊತೆಗೆ ನೆರೆಯವರ ದುಡ್ಡೂ ಸಿಕ್ಕಿಬೀಳುತ್ತದೆ. ಇದನ್ನು ಅನುಭವಿಸಿದವರಾಗಿ ಹೇಳುತ್ತಿದ್ದೇವೆ. ಮುಂದಿನ ಎರಡು ವರ್ಷದಲ್ಲಿ ಬಾಕಿ ತೀರಿಸಿದೆವು. ತಾಳಿಕೊಂಡ ಸಂಘಕ್ಕೆ ಋಣಿಯಾಗಿದ್ದೇವೆ.