ಇಳಿಜಾರಿನ ಗೇರು



ಮೂವತ್ತು ವರ್ಷಕ್ಕೂ ಮೀರಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದವನೊಬ್ಬ ಮೋಟಾರು ಗಾಡಿಯ ಗೇರುಗಳನ್ನು ಕುರಿತು ಮಾತನಾಡಲು ಕುಳಿತನೆಂದರೆ ನಿಮಗೆ ನಗು ಬಂದರೂ ಬಂದೀತು. ಗಾಡಿ ನಡೆಸಲು ನನಗೆ ಬಾರದೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಕ್ಕದಲ್ಲಿ ಕುಳಿತು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡವನಿಗೂ ಹೇಳುವುದೊಂದಷ್ಟು ಇರುತ್ತದೆ ಎಂಬ ಧೈರ್ಯದಿಂದ ಈ ಮಾತಿಗೆ ತೊಡಗಿದ್ದೇನೆ.

ನನ್ನ ಅಕ್ಕನ ಮನೆ ಕೊಪ್ಪದ ಸೀಮೆಯಲ್ಲಿದೆ. ಮನೆಯಿರುವುದು ಗುಡ್ಡದ ಮೇಲೆ. ಡಾಂಬರು ರಸ್ತೆಯಿರುವುದು ಕೆಳಗೆ, ಹಳ್ಳದ ಆಚೆ. ನಡುವೆ ಎರಡು ಕಿಲೋಮೀಟರಿನ ಮಣ್ಣುದಾರಿ. ಒಂದು ಕಡೆ ಧರೆ, ಇನ್ನೊಂದು ಕಡೆ ಅಡಕೆ ತೋಟಕ್ಕೆ ಇಳಿಯುವ ಕಮರಿ. 2022ರ ಆಷಾಢದಲ್ಲಿ, ಹಿಡಿದ ಮಳೆ ಬಿಡದಿದ್ದ ಒಂದು ಮುಂಜಾನೆ, ಅಕ್ಕ ಅಂಗಳದ ಪಾಚಿಯ ಮೇಲೆ ಕಾಲಿಟ್ಟು ಬಿದ್ದಳು. ಸೊಂಟದ ಎಲುಬು ಮುರಿದಿತ್ತು. ಆಸ್ಪತ್ರೆಯ ಗಾಡಿಯವರು ಡಾಂಬರು ರಸ್ತೆಯವರೆಗೆ ಬರುತ್ತೇವೆ, ಅಲ್ಲಿಂದ ಮುಂದೆ ಸಾಧ್ಯವಿಲ್ಲ ಎಂದರು. ಅವರನ್ನು ದೂರುವುದು ಸಲ್ಲದು. ಆ ದಾರಿಯನ್ನು ಕಂಡವರಾರೂ ದೂರಲಾರರು.

ಅಕ್ಕನ ಮಗನ ಬಳಿ ಒಂದು ಹಳೆಯ ಜಿಪ್ಸಿ ಇತ್ತು. ಈ ಗಾಡಿಯ ವಂಶವೃಕ್ಷವನ್ನು ಒಂದು ಮಾತಿನಲ್ಲಿ ಹೇಳಬಹುದು. 1970ರಲ್ಲಿ ಜಪಾನಿನ ಸುಜುಕಿ ಕಂಪನಿ ಕೇವಲ 359 ಸಿ.ಸಿ. ಎಂಜಿನ್ನಿನ ಜಿಮ್ನಿ ಎಂಬ ಪುಟ್ಟ ಗಾಡಿಯನ್ನು ಹೊರತಂದಿತು. ಅದರ ಸಂತತಿಯೇ 1985ರಲ್ಲಿ ಮಾರುತಿ ಜಿಪ್ಸಿಯಾಗಿ ನಮ್ಮಲ್ಲಿಗೆ ಬಂದದ್ದು. ಹಗುರ ಮೈ, ಚಿಕ್ಕ ಎಂಜಿನ್, ನಾಲ್ಕು ಚಕ್ರಗಳಿಗೂ ಚಾಲನೆ. ನನ್ನ ಅಳಿಯ ತನ್ನ ಜಿಪ್ಸಿಗೆ ಮೂವತ್ತೊಂದು ಅಂಗುಲ ಎತ್ತರದ ದಪ್ಪ ಟೈರುಗಳನ್ನು ಹಾಕಿಸಿದ್ದ. ನೋಡಲು ಗಂಭೀರವಾಗಿಯೇ ಇತ್ತೆನ್ನಿ.

ಅಕ್ಕನನ್ನು ಮಲಗಿಸುವ ಮೊದಲು ಖಾಲಿ ಗಾಡಿಯಲ್ಲಿ ದಾರಿಯನ್ನೊಮ್ಮೆ ನೋಡಿ ಬರೋಣ ಎಂದು ಅವನೂ ನಾನೂ ಹೊರಟೆವು. ನಾಲ್ಕು ಚಕ್ರದ ಚಾಲನೆ ಹಾಕಿದ್ದ, ಮೊದಲನೆಯ ಗೇರಿನಲ್ಲಿಯೇ ಇದ್ದ. ಆದರೆ ಇಳಿಜಾರು ಕಡಿದಾದಂತೆ ಗಾಡಿ ಅವನ ಮನಸ್ಸಿಗಿಂತ ಮುಂದೆ ಓಡತೊಡಗಿತು. ಅವನು ಬ್ರೇಕನ್ನು ಒತ್ತಿದ. ಚಕ್ರಗಳು ನಿಂತುವು, ಗಾಡಿ ನಿಲ್ಲಲಿಲ್ಲ. ಉರುಳದ ಚಕ್ರಕ್ಕೆ ದಿಕ್ಕೆಂಬುದಿಲ್ಲ. ಸ್ಟೇರಿಂಗನ್ನು ಎಷ್ಟು ತಿರುಗಿಸಿದರೂ ಅದು ಸಾಬೂನಿನಂತೆ ಜಾರುತ್ತದೆ. ಪುಣ್ಯಕ್ಕೆ ಧರೆಯ ಕಡೆಗೆ ಜಾರಿತು. ಮಣ್ಣಿಗೆ ಒರಗಿ ನಿಂತ ಗಾಡಿಯಲ್ಲಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಅಕ್ಕ ಮಲಗಿದ್ದರೆ ಎಂಬ ಯೋಚನೆ ಇಬ್ಬರಿಗೂ ಬಂದಿತ್ತು.

“ಲೋ ಹಾಕಬೇಕಿತ್ತು ಮಾವ,” ಎಂದ ಅಳಿಯ. “ನಡುವೆ ಹಾಕೋಣ ಅಂದುಕೊಂಡೆ, ಆಗಲಿಲ್ಲ.”

ಆ ‘ಲೋ’ ಎಂಬುದೇನೆಂದು ಅನಂತರ ನಾನು ಕಾಗದ ಪೆನ್ಸಿಲು ಹಿಡಿದು ಕಲಿತೆ. ಎಂಜಿನ್ನಿಗೆ ತೀರ ನಿಧಾನವಾಗಿ ತಿರುಗಲು ಬಾರದು; ಒಂದು ಮಿತಿಗಿಂತ ಕೆಳಗೆ ಅದು ಉಸಿರುಗಟ್ಟಿ ನಿಲ್ಲುತ್ತದೆ. ಚಕ್ರವಾದರೋ ಕಲ್ಲುಗುಂಡಿಗಳ ನಡುವೆ ಮನುಷ್ಯನ ಹೆಜ್ಜೆಗಿಂತ ವೇಗವಾಗಿ ಉರುಳಕೂಡದು. ಇವೆರಡರ ನಡುವಣ ಸಂಧಾನವೇ ಗೇರುಗಳ ಕೆಲಸ. ಈ ಬಗೆಯ ಗಾಡಿಯಲ್ಲಿ ಆ ಸಂಧಾನ ಮೂರು ಕಡೆ ನಡೆಯುತ್ತದೆ: ಮುಖ್ಯ ಗೇರ್ ಬಾಕ್ಸಿನಲ್ಲಿ, ಅದರ ಹಿಂದೆ ಕುಳಿತ ಟ್ರಾನ್ಸ್‌ಫರ್ ಕೇಸ್ ಎಂಬ ಚಿಕ್ಕ ಪೆಟ್ಟಿಗೆಯಲ್ಲಿ, ಕೊನೆಗೆ ಆಕ್ಸಲಿನಲ್ಲಿ. ಜಿಪ್ಸಿಯ ಸೋದರನೇ ಆದ 1300 ಸಿ.ಸಿ. ಸಮುರಾಯ್ ಗಾಡಿಯ ಲೆಕ್ಕವನ್ನು ನೋಡಿ. ಮೊದಲನೆಯ ಗೇರು 3.65; ಟ್ರಾನ್ಸ್‌ಫರ್ ಕೇಸಿನ ಲೋ 2.27, ಆಕ್ಸಲು 3.73. ಗುಣಿಸಿದರೆ ಸುಮಾರು 31. ಎಂದರೆ ಎಂಜಿನ್ ಮೂವತ್ತೊಂದು ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ನಿಮಿಷಕ್ಕೆ ಸಾವಿರ ಸುತ್ತಿನ ಎಂಜಿನ್ನಿಗೆ, ಗಾಡಿಯೊಡನೆ ಬಂದ ಟೈರುಗಳ ಮೇಲೆ, ಗಂಟೆಗೆ ಸುಮಾರು 4 ಕಿಲೋಮೀಟರು. ನಮ್ಮ ನಡಿಗೆ.

ಲೋ ಬದಲು ಹೈ ಇದ್ದರೆ 2.27ರ ಜಾಗಕ್ಕೆ 1.41 ಬರುತ್ತದೆ. ಜೊತೆಗೆ ಟೈರು ದೊಡ್ಡದಾದರೆ ಒಂದೊಂದು ಸುತ್ತಿಗೂ ಗಾಡಿ ಹೆಚ್ಚು ದೂರ ಹೋಗುತ್ತದೆ. ಅಳಿಯನ ಮೂವತ್ತೊಂದು ಅಂಗುಲದ ಟೈರು ಮೂಲದ್ದಕ್ಕಿಂತ ಸುಮಾರು ಶೇಕಡ 18ರಷ್ಟು ದೊಡ್ಡದು. ಎರಡೂ ಸೇರಿ ಅದೇ ಸಾವಿರ ಸುತ್ತಿಗೆ ವೇಗ 8 ಕಿಲೋಮೀಟರಿನ ಹತ್ತಿರ ಹೋಗುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವೂ ಅಷ್ಟಕ್ಕಷ್ಟೇ ಸಡಿಲ. ಏರಿನಲ್ಲಿ ಶಕ್ತಿ ಬೇಕೆಂದು ಲೋ ಹಾಕುತ್ತಾರೆ ಎಂದೇ ನಾನು ತಿಳಿದಿದ್ದೆ. ಅದು ಅರ್ಧ ಮಾತ್ರ ನಿಜ. ಏರಿನಲ್ಲಿ ತಪ್ಪಿದರೆ ಗಾಡಿ ನಿಂತೀತು, ಅಷ್ಟೆ. ಇಳಿಜಾರಿನಲ್ಲಿ ತಪ್ಪಿದರೆ ನಿಲ್ಲುವುದೇ ಇಲ್ಲ. ಜಿಪ್ಸಿಯಲ್ಲಿ ಹೈನಿಂದ ಲೋಗೆ ಬರಬೇಕಾದರೆ ಗಾಡಿ ನಿಂತಿರಬೇಕು, ಕ್ಲಚ್ಚು ಒತ್ತಬೇಕು. ಜಾರುವ ನೆಲದಲ್ಲಿ ಕ್ಲಚ್ಚು ಒತ್ತಿದಿರೋ, ಇದ್ದ ಹಿಡಿತವೂ ಹೋಯಿತು. ಆದ್ದರಿಂದ ಆಯ್ಕೆಯ ಜಾಗ ಇಳಿಜಾರಿನ ನೆತ್ತಿ, ನಡುವಲ್ಲ.

ಆ ದಿನ ಅಕ್ಕನನ್ನು ಕೆಳಗಿಳಿಸಿದವನು ಪಕ್ಕದ ತೋಟದ ಮುದಿ ಡ್ರೈವರು, ತನ್ನಷ್ಟೇ ಮುದಿಯಾದ ಜೀಪಿನಲ್ಲಿ. ಜೀಪಿನ ಕುಲಕ್ಕೆ ಈ ನಿಧಾನ ಹಳೆಯ ವಿದ್ಯೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಲೋ ಗೇರಿನ ಇಳಿತ 1.97 ಇತ್ತು. 1945ರಲ್ಲಿ ಅದೇ ಕಂಪನಿ ರೈತರಿಗೆಂದು ಜೀಪು ಮಾಡಿದಾಗ ಅದನ್ನು ಇನ್ನೂ ಹೆಚ್ಚಿಸಿತು, ಆಕ್ಸಲನ್ನೂ 4.88ರಿಂದ 5.38ಕ್ಕೆ ಬದಲಿಸಿತು. ಯುದ್ಧಕ್ಕೆ ಸಾಲುವ ನಿಧಾನ ಉಳುಮೆಗೆ ಸಾಲದೆ ಹೋಯಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಡ್ರೈವರು ಅಂಗಳದಲ್ಲಿಯೇ ಗಾಡಿ ನಿಲ್ಲಿಸಿ, ಇಳಿದು, ದಾರಿಯನ್ನು ಇಪ್ಪತ್ತು ಹೆಜ್ಜೆ ನಡೆದು ನೋಡಿ ಬಂದ. ಲೋ ಹಾಕಿ, ಮೊದಲನೆಯ ಗೇರು ಹಾಕಿ, ಎರಡೂ ಕಾಲುಗಳನ್ನು ಎಳೆದು ನೆಲಕ್ಕೆ ಊರಿದ. ಬ್ರೇಕಿನ ಮೇಲೂ ಇಲ್ಲ, ಕ್ಲಚ್ಚಿನ ಮೇಲೂ ಇಲ್ಲ. “ಎಂಜಿನ್ನೇ ಹಿಡ್ಕೊಳ್ತದೆ ಮೇಷ್ಟ್ರೇ, ನೀವು ಅಮ್ಮನನ್ನ ಹಿಡ್ಕೊಳಿ,” ಎಂದ. ಅಳಿಯ ಕೊಡೆ ಹಿಡಿದು ಪಕ್ಕದಲ್ಲಿ ನಡೆದೇ ಬಂದ; ಅವನು ಜೀಪಿಗಾಗಿ ಕಾಯಬೇಕಾದ ಕಡೆಗಳೂ ಇದ್ದುವು. ಸಂಗೀತ ಬಲ್ಲವರು ಚೌಕಕಾಲದಲ್ಲಿ ಹಾಡುವುದು ಕಷ್ಟ ಎನ್ನುತ್ತಾರೆ. ಓಟದಲ್ಲಿ ಮುಚ್ಚಿಹೋಗುವ ಒರಟೆಲ್ಲ ಅಲ್ಲಿ ಕೇಳಿಸುತ್ತದೆಯಂತೆ. ಒಂದೊಂದು ಕಲ್ಲನ್ನೂ ಚಕ್ರ ಮೆಲ್ಲನೆ ಹತ್ತಿ ಮೆಲ್ಲನೆ ಇಳಿಯಿತು. ಅಕ್ಕ ನನ್ನ ಕೈಯನ್ನು ಹಿಸುಕಿದ್ದು ಎರಡೇ ಸಲ. ಎರಡು ಕಿಲೋಮೀಟರಿಗೆ ಹಿಡಿದದ್ದು ಸುಮಾರು ಮುಕ್ಕಾಲು ಗಂಟೆ.

ಅಕ್ಕ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಜಗಲಿಯಲ್ಲಿ ನಮ್ಮ ಚರ್ಚೆ ನಡೆಯಿತು. ಅಳಿಯನಿಗೆ ಗಾಡಿಯನ್ನು ಇನ್ನೂ ನಿಧಾನಗೊಳಿಸುವ ಆಸೆ. ಆಕ್ಸಲಿನ ಗೇರನ್ನೇ ಬದಲಿಸಬಹುದು. ಆದರೆ ಅದು ಸದಾ ಕಾಲದ ಬದಲಾವಣೆ, ಹೆದ್ದಾರಿಯಲ್ಲಿಯೂ ಎಂಜಿನ್ ಕಿರುಚುತ್ತಲೇ ಇರುತ್ತದೆ. ಟ್ರಾನ್ಸ್‌ಫರ್ ಕೇಸಿನೊಳಗಿನ ಲೋವನ್ನು ಬದಲಿಸಿದರೆ, ಆ ನಿಧಾನ ಬೇಕೆಂದಾಗ ಮಾತ್ರ ಸಿಕ್ಕುತ್ತದೆ. ಸಮುರಾಯ್‌ಗೆ 2.27ರ ಬದಲು 4.16ರ ಗೇರುಗಳು ಹೊರದೇಶಗಳಲ್ಲಿ ದೊರೆಯುತ್ತವೆ. ಆಗ ನಮ್ಮ ಗುಣಾಕಾರ 31ರಿಂದ 57ರ ಹತ್ತಿರಕ್ಕೆ ಹೋಗಿ, ಸಾವಿರ ಸುತ್ತಿಗೆ ವೇಗ ಗಂಟೆಗೆ 2 ಕಿಲೋಮೀಟರಿಗೆ ಸಮೀಪಿಸುತ್ತದೆ. ಅದಕ್ಕಿಂತಲೂ ಕೆಳಗಿನ 6.5ರ ಗೇರುಗಳೂ ಉಂಟು. ಬಂಡೆ ಹತ್ತುವವರಿಗೆ ಅದು ಬೇಕಾದೀತು. ಆದರೆ ಗೇರು ಇಳಿದಷ್ಟೂ ಚಕ್ರಕ್ಕೆ ಬರುವ ತಿರುಚುಬಲ ಏರುತ್ತದೆ. ದೊಡ್ಡ ಟೈರೂ ಸೇರಿದರೆ ಮುಂದಿನ ಆಕ್ಸಲಿನ ಕೀಲುಗಳು ಮುರಿಯುತ್ತವೆ. ನಮ್ಮ ಮಲೆನಾಡಿನ ಜೇಡಿ ಕೆಸರಿಗೂ ತೀರ ನಿಧಾನ ಒಗ್ಗದು. ಟೈರಿನ ಹಲ್ಲುಗಳ ನಡುವೆ ಮೆತ್ತಿದ ಮಣ್ಣು ಉದುರಬೇಕಾದರೆ ಚಕ್ರ ಒಂದಿಷ್ಟು ಬೀಸಾಗಿ ತಿರುಗಬೇಕು. ಅಂಥಲ್ಲಿ ಲೋದಲ್ಲಿಯೇ ಎರಡನೆಯ ಗೇರು ಮೇಲು ಎಂದು ಡ್ರೈವರು ಹೇಳಿದ. ಡಾಂಬರು ಮುಟ್ಟಿದೊಡನೆ ನಾಲ್ಕು ಚಕ್ರದ ಚಾಲನೆ ಬಿಡಿಸಲು ಮರೆಯಬಾರದೆಂದೂ ಹೇಳಿದ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಸಮನಾಗಿ ಸುತ್ತವು, ಒಣನೆಲ ಅವನ್ನು ಜಾರಗೊಡದು, ಹಲ್ಲುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ.

ಎಲ್ಲವನ್ನೂ ಕೇಳಿದ ಮೇಲೆ ಅವನು ಕಾಫಿ ಲೋಟವನ್ನು ಕೆಳಗಿಟ್ಟು, “ಮೊದಲು ಆ ದೊಡ್ಡ ಟೈರು ಬಿಚ್ಚಿ. ಗೇರಿನ ಮಾತು ಆಮೇಲೆ ನೋಡುವ,” ಎಂದ. ಅಳಿಯನಿಗೆ ಒಂದಿಷ್ಟು ಮುಖ ಸಣ್ಣದಾಯಿತು. ಆದರೂ ಮುಂದಿನ ವಾರವೇ ಹಳೆಯ ಅಳತೆಯ ಟೈರುಗಳು ಬಂದುವು. 4.16ರ ಗೇರುಗಳನ್ನು ಅವನು ಈತನಕ ತರಿಸಿಲ್ಲ, ಬೇಕೆನಿಸಿಲ್ಲವಂತೆ.

ಅಕ್ಕ ಈಗ ಊರುಗೋಲು ಹಿಡಿದು ಓಡಾಡುತ್ತಾಳೆ. ಗಾಡಿಯ ವಿಷಯ ಅವಳಿಗೇನೂ ತಿಳಿಯದು. ಆದರೆ ಪೇಟೆಗೆ ಹೊರಟಾಗಲೆಲ್ಲ, ಅಂಗಳ ದಾಟುವ ಮೊದಲೇ ಮಗನ ತೋಳನ್ನು ಮುಟ್ಟಿ, “ಲೋ ಹಾಕಿದೆಯೇನೋ?” ಎಂದು ಕೇಳುತ್ತಾಳೆ. ಅವನು ಹಾಕಿದ್ದರೂ ಇನ್ನೊಮ್ಮೆ ಸನ್ನೆಕೋಲನ್ನು ಮುಟ್ಟಿ ನೋಡುತ್ತಾನೆ.