ನಿಮ್ಮ ದನಿಗೂ ಅಲ್ಲಿ ಜಾಗವಿದೆ

"ನಾನು ಬಾಯಿ ತೆರೆದರೆ ಕಾಗೆಯೂ ಎದ್ದು ಹೋಗುತ್ತದೆ!" ಚರ್ಚಿನ ಗಾಯನ ತಂಡಕ್ಕೆ ಕರೆದಾಗ ಸಿಗುವ ಉತ್ತರ ಇಂಥದ್ದೇ. ಹಾಗೆನ್ನುವವರು ಬಚ್ಚಲುಮನೆಯಲ್ಲಿ ಚೆನ್ನಾಗಿಯೇ ಹಾಡುತ್ತಿರುತ್ತಾರೆ, ಅದು ಬೇರೆ ಮಾತು.

ಕ್ವಾಯರ್‌ಗೆ ಕಛೇರಿ ಕೊಡುವಂಥ ಕಂಠ ಬೇಕಿಲ್ಲ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ಪಾಲು. ತಗ್ಗಿನ ದನಿಗೂ ಅಲ್ಲಿ ಕೆಲಸವಿದೆ. ಒಂದು ಸ್ವರವನ್ನು ಬಹಳ ಹೊತ್ತು ಹಿಡಿಯಬೇಕಾದಾಗ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವುದಿಲ್ಲ. ಒಬ್ಬರು ಮೆಲ್ಲನೆ ನಿಲ್ಲಿಸಿ ಉಸಿರೆಳೆದುಕೊಳ್ಳುವಾಗ ಪಕ್ಕದವರು ದನಿ ಬಿಡದೆ ಹಿಡಿದಿರುತ್ತಾರೆ. ಆಮೇಲೆ ಇವರು ಸದ್ದಿಲ್ಲದೆ ಬಂದು ಸೇರಿಕೊಂಡು, ಅವರಿಗೆ ಬಿಡುವು ಕೊಡುತ್ತಾರೆ. ಕೇಳುವವರಿಗೆ ಎಳೆ ಕಡಿದದ್ದೇ ತಿಳಿಯುವುದಿಲ್ಲ. ಒಂಟಿಯಾಗಿ ಹಾಡುವವರಿಗೆ ಈ ಭಾಗ್ಯ ಎಲ್ಲಿಂದ ಬರಬೇಕು?

ಕನ್ನಡಕ್ಕೆ ಚರ್ಚಿನ ಹಾಡು ಹೊಸದೇನಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡ ನಿಘಂಟು ರಚಿಸಿದ, ಅದೇ ಮಿಶನ್ನಿನ ಕಿಟೆಲ್ ಅವರು 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೇ ಹೊಂದಿಸಿದರು. ಜರ್ಮನ್ ರಾಗದ ಗೀತೆ, ದೇಶೀ ಧಾಟಿಯ ಭಜನೆ, ಎರಡನ್ನೂ ಹಾಡುವ ಸಭೆಗಳು ಇಂದಿಗೂ ಇವೆ.

ಸ್ವರಲಿಪಿ ಓದಲು ಬಾರದೇ? ಚಿಂತೆಯಿಲ್ಲ, ಗಟ್ಟಿಯಾಗಿ ಹಾಡುವವರ ಪಕ್ಕ ನಿಂತು ಕಿವಿಯಿಂದಲೇ ಕಲಿತವರು ಎಷ್ಟೋ ಮಂದಿ. ಬೇಕಾದದ್ದು ವಾರಕ್ಕೊಂದು ಸಂಜೆ. ಆ ಹೊತ್ತಿನ ಧಾರಾವಾಹಿಯನ್ನು ಬಿಡುವ ಧೈರ್ಯ. ಕ್ರಿಸ್‌ಮಸ್ ಹತ್ತಿರ ಬಂದಮೇಲೆ ಕಲಿಸುವವರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಈ ಭಾನುವಾರವೇ ಆರಾಧನೆ ಮುಗಿದ ಕೂಡಲೇ ತಂಡದವರನ್ನು ಮಾತಾಡಿಸಿ.